ಪರಮಾಣುವಿನ ಲೆಕ್ಕ: ತಪ್ಪು ಕಲ್ಪನೆ ಮತ್ತು ಸತ್ಯ

ಚಿಕ್ಕಬಳ್ಳಾಪುರದ ಸ್ಕಂದಗಿರಿ ಗ್ರಾನೈಟ್ ಜಾತಿಯ ಕಲ್ಲಿನ ಬೆಟ್ಟ. ಸುತ್ತಲಿನ ಬಯಲಿನಲ್ಲೂ ಬೋರ್‌ವೆಲ್‌ಗಳು ಇಂಥ ಕಲ್ಲಿನ ಬಿರುಕುಗಳಿಂದಲೇ ನೀರೆತ್ತುತ್ತವೆ. ಆ ನೀರಿನ ಫ್ಲೋರೈಡ್ ಜಿಲ್ಲೆಯ ಹಳೆಯ ಪಿಡುಗು. ಅದನ್ನು ಅರಿಯಲು ಶಾಲೆಯಲ್ಲಿ ಕಲಿತ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್‌ಗಳ ಲೆಕ್ಕವೇ ಬೇಕು. ಆ ಲೆಕ್ಕದಲ್ಲೂ ಫ್ಲೋರೈಡ್ ವಿಷಯದಲ್ಲೂ ಕೆಲವು ತಪ್ಪುಗಳು ಬೇರೂರಿವೆ.

ತಪ್ಪು ಕಲ್ಪನೆ: ಪ್ರೋಟಾನ್ ಎಷ್ಟಿವೆಯೋ ನ್ಯೂಟ್ರಾನ್‌ಗಳೂ ಅಷ್ಟೇ.

ಸತ್ಯ: ಕಾರ್ಬನ್-12ರಲ್ಲಿ ಹಾಗಿದೆ, ಎಲ್ಲದರಲ್ಲೂ ಇಲ್ಲ. ಧಾತುವಿನ ಹೆಸರಿನ ಮುಂದಿರುವ ಅಂಕೆಯೇ ರಾಶಿ ಸಂಖ್ಯೆ; ಅದರಲ್ಲಿ ಪರಮಾಣು ಸಂಖ್ಯೆಯನ್ನು, ಅಂದರೆ ಪ್ರೋಟಾನ್‌ಗಳ ಸಂಖ್ಯೆಯನ್ನು, ಕಳೆದರೆ ನ್ಯೂಟ್ರಾನ್‌ಗಳ ಸಂಖ್ಯೆ ಸಿಗುತ್ತದೆ. ಫ್ಲೋರಿನ್-19ರಲ್ಲಿ 9 ಪ್ರೋಟಾನ್, 10 ನ್ಯೂಟ್ರಾನ್. ಗ್ರಾನೈಟ್‌ನಲ್ಲಿ ಅತ್ಯಲ್ಪವಾಗಿ ಇರುವ ಯುರೇನಿಯಂ-238ರಲ್ಲಿ 92 ಪ್ರೋಟಾನ್, 146 ನ್ಯೂಟ್ರಾನ್. ಪ್ರೋಟಾನ್‌ಗಳು ಒಂದನ್ನೊಂದು ದೂಡುತ್ತವೆ. ದೊಡ್ಡ ಪರಮಾಣು ಬೀಜ ಚೆದುರದಿರಲು ನ್ಯೂಟ್ರಾನ್‌ಗಳು ಹೆಚ್ಚು ಬೇಕು.

ತಪ್ಪು ಕಲ್ಪನೆ: ನ್ಯೂಟ್ರಾನ್ ಸಂಖ್ಯೆ ಬದಲಾದರೆ ಧಾತುವೇ ಬದಲಾಗುತ್ತದೆ.

ಸತ್ಯ: ಗ್ರಾನೈಟ್‌ನ ಫೆಲ್ಡ್‌ಸ್ಪಾರ್‌ನಲ್ಲಿರುವ ಪೊಟ್ಯಾಸಿಯಂ ಪರಮಾಣುಗಳಲ್ಲಿ 20, 21 ಅಥವಾ 22 ನ್ಯೂಟ್ರಾನ್‌ಗಳಿರುತ್ತವೆ. ಪ್ರೋಟಾನ್ ಮಾತ್ರ ಎಲ್ಲದರಲ್ಲೂ 19. ಆದ್ದರಿಂದ ಎಲ್ಲವೂ ಪೊಟ್ಯಾಸಿಯಮ್ಮೇ. ಧಾತುವಿನ ಗುರುತು ಪರಮಾಣು ಸಂಖ್ಯೆಯಲ್ಲಿದೆ ಎಂಬುದನ್ನು 1913ರಲ್ಲಿ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳಿಂದ ತೋರಿಸಿಕೊಟ್ಟರು. ಆವರ್ತ ಕೋಷ್ಟಕದಲ್ಲಿ ಪೊಟ್ಯಾಸಿಯಂಗೆ ಬರೆದಿರುವ 39.1 ಈ ಮೂರು ಬಗೆಗಳ, ಅಂದರೆ ಐಸೋಟೋಪ್‌ಗಳ, ರಾಶಿಯ ಪ್ರಮಾಣಾನುಸಾರ ಸರಾಸರಿ.

ತಪ್ಪು ಕಲ್ಪನೆ: ಎಲೆಕ್ಟ್ರಾನ್‌ಗಳು ಸದಾ ಪ್ರೋಟಾನ್‌ಗಳಷ್ಟೇ ಇರುತ್ತವೆ.

ಸತ್ಯ: ವಿದ್ಯುದಾವೇಶವಿಲ್ಲದ ಪರಮಾಣುವಿಗೆ ಮಾತ್ರ ಈ ಮಾತು ಒಪ್ಪುತ್ತದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಫ್ಲೋರಿನ್‌ನ ಅಯಾನು, ಅಂದರೆ ವಿದ್ಯುದಾವೇಶವುಳ್ಳ ಪರಮಾಣು; ಅದರಲ್ಲಿ ಪ್ರೋಟಾನ್ 9, ಎಲೆಕ್ಟ್ರಾನ್ 10. ಆ ಒಂದು ಹೆಚ್ಚಿನ ಎಲೆಕ್ಟ್ರಾನ್ ಅದಕ್ಕೆ ಋಣಾವೇಶ ಕೊಡುತ್ತದೆ. ಫ್ಲೋರಿನ್ ಅನಿಲ ಉಗ್ರವಾಗಿ ವರ್ತಿಸುವ ವಿಷ. ಫ್ಲೋರೈಡ್ ಅಯಾನು ಬಣ್ಣ, ವಾಸನೆ ತೋರದೆ ನೀರಿನಲ್ಲಿ ಕರಗಿರುತ್ತದೆ. ಧಾತು ಒಂದೇ, ಗುಣ ಬೇರೆ.

ತಪ್ಪು ಕಲ್ಪನೆ: ನೀರನ್ನು ಚೆನ್ನಾಗಿ ಕುದಿಸಿದರೆ ಫ್ಲೋರೈಡ್ ಹೋಗುತ್ತದೆ.

ಸತ್ಯ: ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಕರಗಿರುವ ಫ್ಲೋರೈಡ್ ಅಯಾನು ಉಳಿಯುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಆರ್‌ಒ ಘಟಕ ಅದನ್ನು ತಗ್ಗಿಸಬಲ್ಲದು.

ಭಾರತೀಯ ಮಾನಕದಂತೆ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5. ಮೀರಿದರೆ ಮೊದಲು ಮಕ್ಕಳ ಹಲ್ಲು, ವರ್ಷಗಳು ಕಳೆದಂತೆ ಮೂಳೆ ಕೆಡುತ್ತವೆ. ನಿಮ್ಮ ಊರಿನ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಊರವರಿಗೆಲ್ಲ ತಿಳಿಸಿ.