ಚಳಿಯಲ್ಲಿ ಆಟೋಕ್ರಾಸ್ ಟೈರ್‌ಗಳು

ಆಟೋಕ್ರಾಸ್ ಎಂಬುದು ಚಿಕ್ಕದಾದ, ತಿರುವುಗಳಿಂದ ಕೂಡಿದ ಹಾದಿಯಲ್ಲಿ ಗಡಿಯಾರದ ವಿರುದ್ಧ ನಡೆಯುವ ಕಾರು ಸ್ಪರ್ಧೆ. ಅಮೆರಿಕದಲ್ಲಿ ಇದು ವಿಶಾಲವಾದ ಡಾಂಬರು ಅಥವಾ ಕಾಂಕ್ರೀಟ್ ಅಂಗಳದಲ್ಲಿ ಶಂಕುಗಳನ್ನು ನೆಟ್ಟು ನಡೆಸುವ ಆಟವಾಗಿದ್ದರೆ, ಭಾರತದಲ್ಲಿ ಹೆಚ್ಚಾಗಿ ಮಣ್ಣಿನ ಮೈದಾನದಲ್ಲಿ ನಡೆಯುತ್ತದೆ. ಭಾರತದಲ್ಲಿ ಮೋಟಾರು ಕ್ರೀಡೆಗಳ ನಿಯಂತ್ರಣ 1971ರಲ್ಲಿ ಸ್ಥಾಪನೆಯಾದ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ್ದು. ಒಂದೊಂದು ಓಟವೂ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಮುಗಿಯುವುದರಿಂದ ಟೈರ್ ಬಿಸಿಯಾಗಲು ಕಾಲಾವಕಾಶವೇ ಇರುವುದಿಲ್ಲ. ಚಳಿಯ ಬೆಳಗಿನಲ್ಲಿ ಟೈರ್‌ಗಳ ಹೋಲಿಕೆಗೆ ಮಹತ್ತ್ವ ಬರುವುದು ಈ ಕಾರಣದಿಂದ.

ತುಮಕೂರು ಸೀಮೆಯ ಹವೆ ಮತ್ತು ನೆಲ

ತುಮಕೂರು ನಗರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಗುಬ್ಬಿ, ದಕ್ಷಿಣಕ್ಕೆ ಕುಣಿಗಲ್ ಇವೆ. ಡಿಸೆಂಬರ್, ಜನವರಿಯ ಮುಂಜಾನೆ ಇಲ್ಲಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಮಧ್ಯಾಹ್ನ 27–28 ಡಿಗ್ರಿಗೆ ಏರುತ್ತದೆ. ನೆಲ ಬಹುತೇಕ ಕೆಮ್ಮಣ್ಣು ಮತ್ತು ಗರಸಿನಿಂದ ಕೂಡಿದ್ದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯ ಹಂತಗಳು ಇತ್ತೀಚಿನ ವರ್ಷಗಳಲ್ಲಿ ತುಮಕೂರಿನ ಸುತ್ತಮುತ್ತ ನಡೆದಿರುವುದರಿಂದ ಈ ನೆಲ ಕಾರು ಸ್ಪರ್ಧಿಗಳಿಗೆ ಅಪರಿಚಿತವಲ್ಲ.

ಹದಿನೈದು ಡಿಗ್ರಿ ಯೂರೋಪಿನವರಿಗೆ ಚಳಿಯೇ ಅಲ್ಲ. ಚಳಿಗಾಲದ ಟೈರ್‌ಗಳನ್ನು ತಯಾರಕರು ಸುಮಾರು 7 ಡಿಗ್ರಿಗಿಂತ ಕೆಳಗಿನ ಉಷ್ಣತೆಗೆ ಶಿಫಾರಸು ಮಾಡುತ್ತಾರೆ. ತುಮಕೂರಿನಲ್ಲಿ ಅಂಥ ದಿನ ಬರುವುದು ತೀರ ಅಪರೂಪ. ಆದ್ದರಿಂದ ಚಳಿ ಎಂದ ಮಾತ್ರಕ್ಕೆ ಚಳಿಗಾಲದ ಟೈರ್ ಹಾಕುವುದು ಇಲ್ಲಿ ತಪ್ಪು ಆಯ್ಕೆ. ಅದರ ಮೆದುವಾದ, ಸೀಳುಗಳಿಂದ ತುಂಬಿದ ಮೇಲ್ಪದರ ತಿರುವಿನಲ್ಲಿ ಬಾಗಿ ಹೊರಳುವುದರಿಂದ ಸಮಯ ನಷ್ಟವಾಗುತ್ತದೆ.

ರಬ್ಬರ್ ಮತ್ತು ಶಾಖ

ಟೈರಿನ ಹಿಡಿತಕ್ಕೆ ಮುಖ್ಯವಾಗಿ ಎರಡು ಮೂಲಗಳಿವೆ. ಮೊದಲನೆಯದು ರಬ್ಬರ್ ನೆಲಕ್ಕೆ ಅಂಟಿಕೊಳ್ಳುವ ಗುಣ. ಎರಡನೆಯದು, ನೆಲದ ಸಣ್ಣ ಉಬ್ಬುತಗ್ಗುಗಳಿಗೆ ತಕ್ಕಂತೆ ರಬ್ಬರ್ ಅದುಮಿಕೊಂಡು ಮತ್ತೆ ನಿಧಾನವಾಗಿ ಮೊದಲಿನ ಆಕಾರಕ್ಕೆ ಮರಳುವಾಗ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುವುದು. ಎರಡಕ್ಕೂ ರಬ್ಬರ್ ಸಾಕಷ್ಟು ಮೆದುವಾಗಿರಬೇಕು. ಪ್ರತಿ ರಬ್ಬರ್ ಮಿಶ್ರಣಕ್ಕೂ ಅದು ಗಾಜಿನಂತೆ ಪೆಡಸಾಗುವ ಒಂದು ಉಷ್ಣತೆ ಇದೆ. ಅದನ್ನು ಸಮೀಪಿಸಿದಷ್ಟೂ ರಬ್ಬರ್ ಗಟ್ಟಿಯಾಗಿ ಜಾರತೊಡಗುತ್ತದೆ. ಪಂದ್ಯಕ್ಕೆಂದೇ ಮಾಡಿದ ಮಿಶ್ರಣಗಳಲ್ಲಿ ಈ ಉಷ್ಣತೆ ಸಾಮಾನ್ಯವಾಗಿ ಹೆಚ್ಚು. ಬಿಸಿಯಲ್ಲಿ ಬಲವಾಗಿ ಹಿಡಿಯುವ ಟೈರ್ ತಣ್ಣಗಿದ್ದಾಗ ಸಾಧಾರಣ ಟೈರಿಗಿಂತಲೂ ಕೆಟ್ಟದಾಗಿ ವರ್ತಿಸಬಹುದು. ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿಯಲ್ಲಿ ಇಂಥ ಟೈರ್ ಬಿರುಕು ಬಿಡುವ ಅಪಾಯವೂ ಇದೆ. ಕರ್ನಾಟಕದಲ್ಲಿ ಆ ಭಯವಿಲ್ಲ.

ಡಾಂಬರು ಅಂಗಳದ ಟೈರ್‌ಗಳ ಹೋಲಿಕೆ

ಅಮೆರಿಕದ ನಿಯಮದಂತೆ ಟೈರಿನ ಪಕ್ಕದಲ್ಲಿ ‘ಟ್ರೆಡ್‌ವೇರ್’ ಎಂಬ ಸವೆತದ ಅಂಕಿ ಅಚ್ಚಾಗಿರುತ್ತದೆ. ಅಂಕಿ ಕಡಿಮೆಯಾದಷ್ಟೂ ಟೈರ್ ಬೇಗ ಸವೆಯುತ್ತದೆ, ಸಾಮಾನ್ಯವಾಗಿ ಹಿಡಿತ ಹೆಚ್ಚಿರುತ್ತದೆ. ಈ ಅಂಕಿಯನ್ನು ತಯಾರಕರೇ ನಿಗದಿಪಡಿಸುವುದರಿಂದ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್‌ನ ಆಟೋಕ್ರಾಸ್‌ನಲ್ಲಿ ರಸ್ತೆ ಕಾರುಗಳ ವಿಭಾಗಕ್ಕೆ ಕನಿಷ್ಠ 200 ಅಂಕಿ ಕಡ್ಡಾಯ. ಕಂಪನಿಗಳು ಆ ಮಿತಿಗೆ ಸರಿಯಾಗಿ ಟೈರ್ ರೂಪಿಸತೊಡಗಿದ್ದರಿಂದ ‘ಇನ್ನೂರರ ಟೈರ್’ ಎಂಬ ಒಂದು ಜಾತಿಯೇ ಹುಟ್ಟಿಕೊಂಡಿತು. ಯೋಕೋಹಾಮಾ ಅಡ್ವಾನ್ ಎ052, ಬ್ರಿಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್ ಈ ಗುಂಪಿನವು. ಎ052 ಬಹಳ ಬೇಗ ಹದಕ್ಕೆ ಬರುತ್ತದೆ, ಆದರೆ ಬಿಸಿಲಿನಲ್ಲಿ ಬೇಗ ಕಾದು ಹಿಡಿತ ಬಿಡುತ್ತದೆ. ಅದಕ್ಕೇ ಸ್ಪರ್ಧಿಗಳು ಓಟಗಳ ನಡುವೆ ಅದರ ಮೇಲೆ ನೀರು ಸಿಂಪಡಿಸುವುದುಂಟು. ತುಮಕೂರಿನ ಮುಂಜಾನೆಗೆ ಇದರ ಗುಣ ಒಪ್ಪುತ್ತದೆ, ಏಪ್ರಿಲ್ ಮಧ್ಯಾಹ್ನಕ್ಕೆ ಒಪ್ಪುವುದಿಲ್ಲ.

ಟೊಯೊ ಆರ್888ಆರ್‌ನಂತಹ ಅರೆ-ಪಂದ್ಯ ಟೈರ್‌ಗಳು ದೀರ್ಘ ಸುತ್ತುಗಳ ಟ್ರ್ಯಾಕಿಗೆ ಹೇಳಿ ಮಾಡಿಸಿದವು. ತಣ್ಣನೆಯ ಮೊದಲ ಓಟದಲ್ಲಿ ಅವುಗಳ ಪೂರ್ಣ ಸಾಮರ್ಥ್ಯ ಹೊರಬರುವುದಿಲ್ಲ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ನಂತಹ ರಸ್ತೆಯ ವೇಗದ ಟೈರ್‌ಗಳ ಗರಿಷ್ಠ ಹಿಡಿತ ಇನ್ನೂರರ ಟೈರ್‌ಗಳಷ್ಟಿಲ್ಲದಿದ್ದರೂ ಉಷ್ಣತೆಯ ವಿಶಾಲ ವ್ಯಾಪ್ತಿಯಲ್ಲಿ ಒಂದೇ ಬಗೆಯಾಗಿ ವರ್ತಿಸುತ್ತವೆ. ಹೊಸಬರಿಗೆ ಇದೇ ಹಿತ.

ಭಾರತದಲ್ಲಿ ಗುಣಕ್ಕಿಂತ ಮೊದಲು ಲಭ್ಯತೆಯ ಪ್ರಶ್ನೆ ಬರುತ್ತದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಸಣ್ಣ ಕಾರುಗಳ 14, 15 ಇಂಚಿನ ಚಕ್ರಗಳಿಗೆ ಅಂಗಡಿಯಲ್ಲಿ ಸಿಗುವುದು ಬಹುತೇಕ ಹೆಚ್ಚು ಕಿಲೋಮೀಟರ್ ಬಾಳುವ ಗಟ್ಟಿ ಟೈರ್‌ಗಳೇ. ವಿದೇಶಿ ಹೋಲಿಕೆಗಳನ್ನು ಓದುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಣ್ಣಿನ ಅಂಗಳ

ಮಣ್ಣಿನ ಮೇಲೆ ಲೆಕ್ಕ ಬೇರೆ. ಇಲ್ಲಿ ಹಿಡಿತ ಹೆಚ್ಚಾಗಿ ಬರುವುದು ಟೈರಿನ ದಪ್ಪ ಕಚ್ಚುಗಳು ಸಡಿಲ ಗರಸನ್ನು ತಳ್ಳಿ ಗಟ್ಟಿ ನೆಲವನ್ನು ಹುಡುಕುವುದರಿಂದ. ರಬ್ಬರಿನ ಮೆದುತನಕ್ಕೆ ಎರಡನೆಯ ಸ್ಥಾನ. ಆದರೂ ರ‍್ಯಾಲಿ ಟೈರ್‌ಗಳು ಮೆದು ಮತ್ತು ಗಟ್ಟಿ ಮಿಶ್ರಣಗಳಲ್ಲಿ ಬರುತ್ತವೆ. ತಂಪಾದ, ಒದ್ದೆ ನೆಲಕ್ಕೆ ಮೆದುವಾದುದು, ಕಾದ ಹಾಗೂ ಕಲ್ಲು ತುಂಬಿದ ನೆಲಕ್ಕೆ ಗಟ್ಟಿಯಾದುದು ಎಂಬುದು ರೂಢಿ. ದೇಶದಲ್ಲಿ ಇವುಗಳ ಪ್ರಮುಖ ತಯಾರಕರು ಎಂಆರ್‌ಎಫ್ ಮತ್ತು ಜೆ.ಕೆ. ಟೈರ್. ಎಂಆರ್‌ಎಫ್ ತಂಡದ ಸ್ಪೇನಿನ ಚಾಲಕ ಎಫ್ರೆನ್ ಯಾರೆನಾ 2022ರ ಯೂರೋಪಿಯನ್ ರ‍್ಯಾಲಿ ಚಾಂಪಿಯನ್ ಆದರು.

ಮುಂಜಾನೆಯ ಇಬ್ಬನಿ ಕೆಮ್ಮಣ್ಣನ್ನು ಸ್ವಲ್ಪ ಬಿಗಿಯಾಗಿಸಿ ದೂಳನ್ನು ಅಡಗಿಸುತ್ತದೆ. ಬಿಸಿಲೇರಿದಂತೆ ಅದು ಒಣಗಿ, ಮೇಲಿನ ಪದರ ಸಡಿಲವಾಗುತ್ತದೆ. ಮೊದಲು ಓಡಿದ ಕಾರುಗಳು ಸಡಿಲ ಗರಸನ್ನು ಬದಿಗೆ ಸರಿಸುವುದರಿಂದ ನಂತರದವರಿಗೆ ಗಟ್ಟಿ ಜಾಡು ಸಿಗುತ್ತದೆ. ಹೀಗಾಗಿ ಎರಡು ಟೈರ್‌ಗಳ ಸಮಯವನ್ನು ಹೋಲಿಸುವಾಗ ಓಟದ ಹೊತ್ತು ಮತ್ತು ಸರದಿಯನ್ನು ಬರೆದಿಟ್ಟುಕೊಳ್ಳದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ನೆಲ ನಿಜವಾಗಿ ಒದ್ದೆಯಾದರೆ ಅಂಟುಮಣ್ಣು ಕಚ್ಚುಗಳ ನಡುವೆ ತುಂಬಿಕೊಂಡು ಟೈರ್ ಬೋಳಾದಂತಾಗುತ್ತದೆ. ಆಗ ಕಚ್ಚುಗಳ ನಡುವಿನ ಅಂತರ ಅಗಲವಾಗಿರುವ ಟೈರ್ ಮೇಲು.

ಗಾಳಿಯ ಒತ್ತಡ ಮತ್ತು ಚಕ್ರಗಳ ಅಸಮ ಶಾಖ

ಮುಂಜಾನೆ 15 ಡಿಗ್ರಿಯಲ್ಲಿ 28 ಪಿಎಸ್‌ಐ ತುಂಬಿದ ಟೈರ್, ಕಾರು ನಿಂತಲ್ಲೇ ಇದ್ದರೂ ಮಧ್ಯಾಹ್ನ 28 ಡಿಗ್ರಿಯಲ್ಲಿ ಹತ್ತಿರ ಹತ್ತಿರ 30 ತೋರಿಸುತ್ತದೆ. ಓಟದ ಶಾಖ ಇದಕ್ಕೆ ಸೇರುತ್ತದೆ. ಆದ್ದರಿಂದ ಒತ್ತಡವನ್ನು ದಿನಕ್ಕೊಮ್ಮೆ ನೋಡಿದರೆ ಸಾಲದು, ಪ್ರತಿ ಓಟಕ್ಕೂ ಮುನ್ನ ನೋಡಬೇಕು. ಬಿಸಿಲಿಗೆ ಮುಖಮಾಡಿ ನಿಂತ ಬದಿಯ ಚಕ್ರಗಳು ನೆರಳಿನ ಬದಿಯವಕ್ಕಿಂತ ಹೆಚ್ಚು ಕಾದಿರುತ್ತವೆ ಎಂಬುದೂ ನೆನಪಿರಬೇಕು.

ಚಳಿಯಲ್ಲಿ ಹೆಚ್ಚು ಮೋಸ ಮಾಡುವುದು ಮುಂಚಕ್ರ ಚಾಲನೆಯ ಕಾರು. ಇಲ್ಲಿನ ಸ್ಪರ್ಧೆಗಳಲ್ಲಿ ಕಾಣುವ ಸಣ್ಣ ಕಾರುಗಳು ಹೆಚ್ಚಾಗಿ ಇದೇ ಬಗೆಯವು. ಎಳೆಯುವುದು, ತಿರುಗಿಸುವುದು ಮತ್ತು ಬ್ರೇಕಿನ ಹೆಚ್ಚಿನ ಪಾಲು ಮುಂದಿನ ಟೈರ್‌ಗಳ ಮೇಲೆ ಬೀಳುವುದರಿಂದ ಅವು ಬೇಗ ಕಾಯುತ್ತವೆ; ಹಿಂದಿನವು ತಣ್ಣಗೇ ಉಳಿಯುತ್ತವೆ. ಡಾಂಬರಿನ ಮೇಲೆ, ಮುಂಭಾಗ ಚೆನ್ನಾಗಿ ಹಿಡಿಯುತ್ತಿದೆ ಎಂಬ ಧೈರ್ಯದಿಂದ ಚಾಲಕ ವೇಗ ಹೆಚ್ಚಿಸಿದ ಹೊತ್ತಿಗೆ ಹಿಂಭಾಗ ಏಕಾಏಕಿ ಜಾರುತ್ತದೆ. ನಿಂತಲ್ಲಿ ಚಕ್ರ ತಿರುಗಿಸಿ ಟೈರ್ ಕಾಯಿಸುವ ಅಭ್ಯಾಸವೂ ಮುಂದಿನ ಜೋಡಿಯನ್ನೇ ಕಾಯಿಸಿ ಈ ಅಂತರವನ್ನು ಹೆಚ್ಚಿಸುತ್ತದೆ. ಓಟಗಳ ನಡುವೆ ಹಿಂದಿನ ಟೈರ್‌ಗಳಿಗೆ ದಪ್ಪ ಬಟ್ಟೆ ಹೊದಿಸುವುದು, ಅವುಗಳಿಗೆ ಬಿಸಿಲು ತಾಗುವಂತೆ ಕಾರು ನಿಲ್ಲಿಸುವುದು ಸರಳ ಉಪಾಯಗಳು. ಒಂದೇ ಕಾರನ್ನು ಇಬ್ಬರು ಸರದಿಯಲ್ಲಿ ಓಡಿಸಿದರೆ ಟೈರ್ ಆರುವುದೇ ಇಲ್ಲ.

ರಸ್ತೆಯಲ್ಲಿ ಬಳಕೆ

ಹಲವರು ಸ್ಪರ್ಧೆಯ ಟೈರ್ ಹಾಕಿಕೊಂಡೇ ಊರಿನಿಂದ ಮೈದಾನಕ್ಕೆ ಬರುತ್ತಾರೆ. ಅರೆ-ಪಂದ್ಯ ಟೈರ್‌ಗಳಲ್ಲಿ ನೀರು ಹೊರದಬ್ಬುವ ಗಾಡಿಗಳು ಕಡಿಮೆ. ಸವೆದ ಮೇಲೆ ಇನ್ನೂ ಕಡಿಮೆ. ಗುಬ್ಬಿ ಅಥವಾ ಕುಣಿಗಲ್ ಕಡೆಯ ಹೆದ್ದಾರಿಯಲ್ಲಿ ಮಂಜು ಕವಿದ ನಸುಕಿನಲ್ಲಿ ತಣ್ಣನೆಯ ಟೈರಿನೊಂದಿಗೆ ಗಟ್ಟಿಯಾಗಿ ಬ್ರೇಕ್ ಒತ್ತಬೇಕಾಗಿ ಬಂದರೆ ಕಾರು ನಿಲ್ಲಲು ಹಿಡಿಯುವ ದೂರ ಹೆಚ್ಚಾಗುತ್ತದೆ. ಸ್ಪರ್ಧೆಯ ಟೈರ್‌ಗಳನ್ನು ಬೇರೆ ಚಕ್ರಗಳಿಗೆ ಕೂರಿಸಿ ಕಾರಿನೊಳಗೆ ಹೊತ್ತೊಯ್ದು, ಮೈದಾನದಲ್ಲಿ ಬದಲಾಯಿಸಿಕೊಳ್ಳುವುದು ಅನುಭವಿಗಳ ಪದ್ಧತಿ.