ನಿರಾಮಯದ ಒಂದು ಲಕ್ಷವನ್ನ ಲೆಕ್ಕ ಹಾಕೋದು ಹೇಗೆ?

ಮುಂಬೈ, ಪುಣೆ ಕಡೆಯ ಪೋಷಕರು ಕೇಳ್ತಾನೇ ಇರ್ತೀರಿ: ನಾವು ಕರ್ನಾಟಕದವರು, ಇಲ್ಲಿದ್ರೂ ನಿರಾಮಯ ಸಿಗುತ್ತಾ? ಸಿಗುತ್ತೆ. ಇದು ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸೋ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ. ಪ್ರಮಾಣಪತ್ರ ಮಾತ್ರ ಬೇಕೇ ಬೇಕು.

ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ. ಆದರೆ ಅದು ಒಂದೇ ಗಂಟಲ್ಲ. ಆಸ್ಪತ್ರೆ ವಾಸ, ಹೊರರೋಗಿ ಚಿಕಿತ್ಸೆ, ಥೆರಪಿ, ಓಡಾಟ ಅಂತ ಪಾಲು ಮಾಡಿದ್ದಾರೆ. ದೊಡ್ಡ ಪಾಲು ಆಸ್ಪತ್ರೆಗೆ. ನಮ್ಮ ಮನೆಗಳಲ್ಲಿ ದುಡ್ಡು ಕರಗೋದು ಎಲ್ಲಿ? ಥೆರಪಿಯಲ್ಲಿ! ಒಂದು ಸೆಷನ್‌ಗೆ 600 ರೂಪಾಯಿ, ವಾರಕ್ಕೆ ಎರಡು ಅಂತ ಇಟ್ಕೊಳ್ಳಿ, ವರ್ಷಕ್ಕೆ 62,400. ಥೆರಪಿಯ ಪಾಲು ಇದರ ಹತ್ತಿರಕ್ಕೂ ಬರಲ್ಲ. ಈ ಹಂಚಿಕೆಯೇ ನನಗೆ ಸರಿ ಕಾಣಲ್ಲ, ಆ ಮಾತು ಬೇರೆ. ಸದ್ಯಕ್ಕೆ ಥೆರಪಿ ಖರ್ಚನ್ನ ಪೂರ್ತಿಯಾಗಿ ಮನೆ ಬಜೆಟ್ಟಿನಲ್ಲೇ ಬರ್ಕೊಳ್ಳಿ, ವಿಮೆಯಿಂದ ಬಂದದ್ದನ್ನ ಆಮೇಲೆ ಕಳೀರಿ.

ಸಾಮಾನ್ಯವಾಗಿ ಮೊದಲು ನೀವೇ ಕಟ್ಟಿ, ಬಿಲ್ಲು, ವೈದ್ಯರ ಚೀಟಿ ಕಳಿಸಿ ವಾಪಸ್ ಪಡೀಬೇಕು. ಹಾಗಾಗಿ ಎರಡು-ಮೂರು ತಿಂಗಳ ಥೆರಪಿ ದುಡ್ಡು ಕೈಯಲ್ಲಿರಲಿ. ಪಾಲಿಸಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಡಿಸೆಂಬರಲ್ಲಿ ಸೇರಿದ್ರೂ ಮಾರ್ಚ್‌ಗೇ ಮುಗಿಯುತ್ತೆ, ಅದಕ್ಕೆ ನವೀಕರಣದ ಅರ್ಜಿ ಫೆಬ್ರವರಿಯಲ್ಲೇ ಹಾಕಿಬಿಡಿ.