ಫೋನಿನ ಒಳಾಡಳಿತ ಬದಲಾಗುವಾಗ

ಕೃಷಿಯ ಪುಟದಲ್ಲಿ ಫೋನಿನ ವಿಚಾರವೇಕೆಂದು ಓದುಗರು ಕೇಳಬಹುದು. ಅಡಿಕೆಯ ಧಾರಣೆ ತಿಳಿಯುವುದು, ಮಾರಿದ ಹಣ ಬ್ಯಾಂಕಿಗೆ ಬಂದಿತೇ ಎಂದು ನೋಡುವುದು, ಪಿ.ಎಂ. ಕಿಸಾನ್ ಕಂತಿಗಾಗಿ ಇ-ಕೆವೈಸಿ ಮಾಡುವುದು, ವಿದ್ಯುತ್ ಬಿಲ್ಲು ಕಟ್ಟುವುದು ಇವೆಲ್ಲವೂ ಇಂದು ಫೋನಿನಲ್ಲಿ ನಡೆಯುತ್ತವೆ. ಹಾರೆ, ಪಿಕ್ಕಾಸುಗಳಂತೆ ಅದೂ ಬೇಸಾಯದ ಒಂದು ಉಪಕರಣವೇ ಆಗಿದೆ. ಆದರೆ ಹಾರೆಯು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ತನ್ನ ಹಿಡಿಯನ್ನು ಬದಲಿಸಿಕೊಳ್ಳುವುದಿಲ್ಲ, ಫೋನು ಬದಲಿಸಿಕೊಳ್ಳುತ್ತದೆ. ತೊಂದರೆ ಇರುವುದು ಅಲ್ಲಿ.

ಕಳೆದ ವರ್ಷ ನಮ್ಮ ನೆರೆಮನೆಯ ಹಿರಿಯರೊಬ್ಬರು ಬೆಳಗ್ಗೆ ಫೋನು ಹಿಡಿದುಕೊಂಡು ಬಂದರು. “ಮಾಷ್ಟ್ರೇ, ಇದು ಏನೋ ಕೇಳುತ್ತಾ ಉಂಟು, ನೋಡಿ” ಎಂದರು. ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಅಳವಡಿಸಬೇಕೇ ಎಂಬ ಪ್ರಶ್ನೆ ಅದರಲ್ಲಿತ್ತು. ಶಾಲೆಯ ಗಂಟೆಯ ಹೊತ್ತಾಗಿತ್ತು. ನಾವು ಒಂದು ಮಾತನ್ನೂ ವಿವರಿಸದೆ ಗುಂಡಿ ಒತ್ತಿ ಹೊರಟುಬಿಟ್ಟೆವು. ಅಂದು ಅವರು ಅಡಿಕೆ ಮಾರಲು ಹೋಗುವವರಿದ್ದರು. ಪೇಟೆ ತಲಪಿದಾಗ ಫೋನಿನ ಚಹರೆಯೇ ಬೇರೆಯಾಗಿತ್ತು; ಡಾಟಾ ತೆರೆಯುವ ಗುಂಡಿ ಮೊದಲಿನ ಜಾಗದಲ್ಲಿ ಇರಲಿಲ್ಲ. ಹಣ ಬಂದಿತೋ ಇಲ್ಲವೋ ತಿಳಿಯದೆ ಅವರು ಸಂಜೆಯವರೆಗೂ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದರು.

ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ವಾರಗಳ ಅನಂತರ ಅವರ ವಾಟ್ಸಾಪಿಗೆ ‘ಬ್ಯಾಂಕ್ ಅಪ್‌ಡೇಟ್’ ಎಂಬ ಹೆಸರಿನ ಒಂದು ಕಡತ ಬಂದಿತು. ಅದು ಕಳ್ಳರು ಕಳಿಸಿದ್ದು. ದೈವವಶಾತ್ ಒತ್ತುವ ಮೊದಲು ನಮಗೆ ತೋರಿಸಿದರು. “ಇದೂ ಆವತ್ತಿನ ಅಪ್‌ಡೇಟೇ ಅಲ್ಲವೇ? ನೀವೇ ಒತ್ತಿದ್ದಿರಲ್ಲ?” ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಕಾರಣ ತಿಳಿಸದೆ ಒತ್ತುವ ಪಾಠವನ್ನು ಕಲಿಸಿದವರು ನಾವೇ ಆಗಿದ್ದೆವು. ಅರ್ಥವಾಗದವನು ಒಂದೋ ಎಲ್ಲಕ್ಕೂ ಬೇಡವೆನ್ನುತ್ತಾನೆ, ಇಲ್ಲವೇ ಎಲ್ಲಕ್ಕೂ ಆಗಲಿ ಎನ್ನುತ್ತಾನೆ. ಎರಡರಿಂದಲೂ ಹಾನಿಯೇ.

ಮೂರು ಬಗೆಯ ಬದಲಾವಣೆ

ಮೊದಲು ‘ಆಪರೇಟಿಂಗ್ ಸಿಸ್ಟಮ್’ ಎಂದರೇನೆಂಬುದನ್ನು ತಿಳಿಯೋಣ. ತೋಟದಲ್ಲಿ ಅಡಿಕೆ ಕೊಯ್ಯುವವನು, ಸುಲಿಯುವವನು, ಮದ್ದು ಬಿಡುವವನು ಬೇರೆ ಬೇರೆ. ಅವರಿಗೆಲ್ಲ ಕೆಲಸ ಹಂಚಿ, ಏಣಿ, ಕತ್ತಿ, ನೀರು ಒದಗಿಸುವ ಯಜಮಾನ ಒಬ್ಬ. ಫೋನಿನಲ್ಲಿ ವಾಟ್ಸಾಪ್, ಬ್ಯಾಂಕಿನ ಆಪ್ ಮೊದಲಾದವು ಕೆಲಸದವರು. ಆಪರೇಟಿಂಗ್ ಸಿಸ್ಟಮ್ ಯಜಮಾನ. ನಮ್ಮಲ್ಲಿ ಹೆಚ್ಚಿನವರ ಫೋನುಗಳಲ್ಲಿರುವ ಯಜಮಾನನ ಹೆಸರು ಆಂಡ್ರಾಯ್ಡ್.

‘ಅಪ್‌ಡೇಟ್’ ಎಂಬ ಒಂದೇ ಮಾತಿನ ಕೆಳಗೆ ಮೂರು ಸಂಗತಿಗಳು ಬರುತ್ತವೆ. ಒಂದನೆಯದು, ಯಾವುದಾದರೊಂದು ಆಪ್ ಬದಲಾಗುವುದು. ಇದು ಒಬ್ಬ ಕೆಲಸದವನು ಹೊಸ ಕತ್ತಿ ತಂದಂತೆ. ಎರಡನೆಯದು, ಭದ್ರತೆಯ ದುರಸ್ತಿ. ಇದು ಬೇಲಿಯ ಕಂಡಿ ಮುಚ್ಚಿದಂತೆ; ಹೊರನೋಟಕ್ಕೆ ಏನೂ ಬದಲಾಗದು. ಗೂಗಲ್ ಸಂಸ್ಥೆಯು 2015ರ ಆಗಸ್ಟ್‌ನಿಂದ ಇಂತಹ ದುರಸ್ತಿಗಳನ್ನು ತಿಂಗಳು ತಿಂಗಳು ಪ್ರಕಟಿಸುವ ಪದ್ಧತಿಯನ್ನು ಇಟ್ಟುಕೊಂಡಿತು. ಮೂರನೆಯದು, ಆಂಡ್ರಾಯ್ಡ್ 14 ಇದ್ದದ್ದು 15 ಆಗುವಂತಹ ದೊಡ್ಡ ಬದಲಾವಣೆ. ಇದು ಯಜಮಾನನ ಕ್ರಮವೇ ಬದಲಾದಂತೆ. ಇದನ್ನು ಅಪ್‌ಗ್ರೇಡ್ ಎನ್ನುವರು.

ಈ ಭೇದ ತಿಳಿಯದಿದ್ದರೆ ಎಂತಹ ಗಲಿಬಿಲಿಯಾಗುವುದೆಂಬುದಕ್ಕೆ 2025ರ ಆಗಸ್ಟ್ ತಿಂಗಳೇ ಸಾಕ್ಷಿ. ಆಗ ನಮ್ಮ ದೇಶದಲ್ಲಿ ಅನೇಕರ ಫೋನುಗಳಲ್ಲಿ ಕರೆ ಸ್ವೀಕರಿಸುವ ಪರದೆಯ ರೂಪ ಒಮ್ಮೆಲೇ ಬದಲಾಯಿತು. ತಾವು ಏನನ್ನೂ ಒತ್ತಲಿಲ್ಲ, ಫೋನು ಯಾರ ವಶವಾಯಿತು ಎಂದು ಜನರು ಹೆದರಿದರು. ನಿಜದಲ್ಲಿ ಯಜಮಾನ ಬದಲಾಗಿರಲಿಲ್ಲ. ಗೂಗಲ್‌ನ ‘ಫೋನ್’ ಎಂಬ ಒಂದು ಆಪ್ ಹೊಸ ವೇಷ ತೊಟ್ಟಿತ್ತು, ಅಷ್ಟೆ. ಕರೆ ಎತ್ತುವ ಬಗೆಯನ್ನು ಆರಿಸಿಕೊಳ್ಳಲು ಆ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಅವಕಾಶವೂ ಇತ್ತು. ಆದರೆ ಅದನ್ನು ಮೊದಲೇ ಹೇಳಿದವರು ಯಾರು?

ತಯಾರಿಸುವವರು ಕಲಿತ ಪಾಠಗಳು

ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕು ಎಂಬುದು. ದೊಡ್ಡ ಕಂಪೆನಿಗಳೂ ಈ ಸೂತ್ರವನ್ನು ಮರೆತು ಪೆಟ್ಟು ತಿಂದುದುಂಟು. 2012ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 8ನ್ನು ಹೊರತಂದಾಗ, 1995ರಿಂದ ಜನರ ಕೈಗೆ ರೂಢಿಯಾಗಿದ್ದ ‘ಸ್ಟಾರ್ಟ್’ ಗುಂಡಿಯನ್ನು ತೆಗೆದುಹಾಕಿತು. ಜನರು ದಾರಿ ತಪ್ಪಿದವರಂತಾದರು. ಮರುವರ್ಷ 8.1ರಲ್ಲಿ ಅದೇ ಗುಂಡಿಯನ್ನು ತಂದಿಡಬೇಕಾಯಿತು. ಹಳೆಯ ಗುರುತುಕಲ್ಲನ್ನು ಕೀಳುವ ಮೊದಲು ಹೊಸದನ್ನು ನೆಟ್ಟು ತೋರಿಸಬೇಕು.

2016ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ವಿಂಡೋಸ್ 10ಕ್ಕೆ ಬದಲಾಗಿರೆಂಬ ಸೂಚನೆಯನ್ನು ಮೂಲೆಯ ಅಡ್ಡಗೀಟಿನ ಗುರುತು ಒತ್ತಿ ಮುಚ್ಚಿದರೆ, ಬೇಡವೆಂದು ಅರ್ಥವಾಗುವ ಬದಲು, ಗೊತ್ತುಪಡಿಸಿದ ಹೊತ್ತಿಗೆ ಬದಲಾವಣೆ ನಡೆದೇ ಹೋಗುತ್ತಿತ್ತು. ಆಕ್ಷೇಪಗಳು ಎದ್ದ ಮೇಲೆ ಕಂಪೆನಿಯು ನಿರಾಕರಿಸುವ ಸ್ಪಷ್ಟ ಅವಕಾಶವನ್ನು ಇಟ್ಟಿತು. ಬೇಡ ಎಂದರೆ ಬೇಡ ಎಂದೇ ಅರ್ಥವಾಗಬೇಕೆಂಬುದು ಅದರಿಂದ ದೊರೆತ ಪಾಠ.

ಹೆಸರಿನ ವಿಚಾರವೂ ಹಾಗೆಯೇ. ಆಂಡ್ರಾಯ್ಡಿನ ಆವೃತ್ತಿಗಳಿಗೆ 2009ರಿಂದ ಕಪ್‌ಕೇಕ್, ಡೋನಟ್, ಪೈ ಮುಂತಾದ ಸಿಹಿತಿಂಡಿಗಳ ಹೆಸರಿಡುತ್ತಿದ್ದರು. ಆ ತಿಂಡಿಗಳನ್ನೇ ಕಾಣದವರಿಗೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯುವುದು ಹೇಗೆ? 2019ರಲ್ಲಿ ಗೂಗಲ್ ಆ ರೂಢಿಯನ್ನು ಬಿಟ್ಟು, ಬರಿಯ ಅಂಕೆಯಿಂದ ‘ಆಂಡ್ರಾಯ್ಡ್ 10’ ಎಂದು ಕರೆಯಿತು. ಹತ್ತರ ಮುಂದೆ ಹನ್ನೊಂದು ಎಂಬುದು ಒಂದನೆಯ ತರಗತಿಯ ಮಗುವಿಗೂ ಗೊತ್ತು.

ಕೆಲಸ ಕೆಡದ ಹಾಗೆ ನೋಡಿಕೊಳ್ಳುವ ಉಪಾಯವನ್ನೂ ಕಂಡುಹಿಡಿದಿದ್ದಾರೆ. ಮುದಿ ಅಡಿಕೆ ತೋಟವನ್ನು ನಾವು ಒಮ್ಮೆಲೇ ಕಡಿಯುವುದಿಲ್ಲ. ಹಳೆಯ ಮರಗಳ ನಡುವೆ ಸಸಿ ನೆಟ್ಟು, ಅದು ಫಲಕ್ಕೆ ಬಂದ ಮೇಲೆ ಹಳೆಯದನ್ನು ತೆಗೆಯುತ್ತೇವೆ. 2016ರ ಆಂಡ್ರಾಯ್ಡ್ 7ರಿಂದ ತೊಡಗಿ ಇದೇ ಕ್ರಮಕ್ಕೆ ಅನುಕೂಲವಾಯಿತು. ಈ ಏರ್ಪಾಡು ಇರುವ ಫೋನಿನಲ್ಲಿ ಹಳೆಯದು ಕೆಲಸ ಮಾಡುತ್ತಿರುವಾಗಲೇ ಹೊಸದು ಬೇರೊಂದು ಭಾಗದಲ್ಲಿ ಸಿದ್ಧವಾಗುತ್ತದೆ. ಫೋನು ಪುನಃ ಆರಂಭವಾದಾಗ ಹೊಸದು ಏಳದಿದ್ದರೆ ಹಳೆಯದೇ ಕೆಲಸಕ್ಕೆ ಬರುತ್ತದೆ.

ನಾವು ಮಾಡತಕ್ಕದ್ದೇನು?

ಅಪ್‌ಗ್ರೇಡ್ ಮಾಡುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದಿರಬೇಕು. ಏನು ಬದಲಾಗುತ್ತದೆ? ಏನು ಹಾಗೆಯೇ ಉಳಿಯುತ್ತದೆ? ಹಿಂದಿರುಗಲು ದಾರಿ ಉಂಟೇ?

ಸಾಧಾರಣವಾಗಿ ಬದಲಾಗುವುದು ಗುಂಡಿಗಳ ರೂಪ ಮತ್ತು ಜಾಗ. ಚಿತ್ರಗಳು, ಫೋನ್ ನಂಬರುಗಳು, ಸಂದೇಶಗಳು ಹಾಗೆಯೇ ಉಳಿಯುತ್ತವೆ. ಆದರೂ ಪ್ರತಿ ಇಟ್ಟುಕೊಳ್ಳುವುದು ಕ್ಷೇಮ. ಹಿಂದಿರುಗುವ ದಾರಿ ಮಾತ್ರ ಎಲ್ಲ ಕಡೆಯೂ ಒಂದೇ ಅಲ್ಲ. ವಿಂಡೋಸ್ 11ಕ್ಕೆ ಬದಲಾದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ 10 ದಿನಗಳೊಳಗೆ ಹಳೆಯದಕ್ಕೆ ಮರಳಬಹುದು. ಫೋನಿನಲ್ಲಾದರೋ, ಒಳಗಿರುವುದನ್ನೆಲ್ಲ ಅಳಿಸದೆ ಮರಳುವುದು ಬಹುತೇಕ ಸಾಧ್ಯವಿಲ್ಲ. ಆದುದರಿಂದ ಒತ್ತುವ ಮೊದಲೇ ಯೋಚಿಸಬೇಕು.

ಈ ಕೆಳಗಿನ ಕ್ರಮವನ್ನು ಅನುಸರಿಸಿದರೆ ಗಲಿಬಿಲಿ ಕಡಿಮೆಯಾದೀತು:

1. ಆಪರೇಟಿಂಗ್ ಸಿಸ್ಟಮ್‌ನ ನಿಜವಾದ ಅಪ್‌ಡೇಟ್ ಫೋನಿನ ಸೆಟ್ಟಿಂಗ್ಸ್‌ನೊಳಗೆ ‘ಸಾಫ್ಟ್‌ವೇರ್ ಅಪ್‌ಡೇಟ್’ ಅಥವಾ ‘ಸಿಸ್ಟಮ್ ಅಪ್‌ಡೇಟ್’ ಎಂಬಲ್ಲಿ ಕಾಣಬೇಕು. ಆಪ್‌ಗಳದ್ದು ಪ್ಲೇ ಸ್ಟೋರಿನಲ್ಲಿ ಕಾಣಬೇಕು. ವಾಟ್ಸಾಪಿನಲ್ಲಿಯೋ ಎಸ್ಸೆಮ್ಮೆಸ್ಸಿನಲ್ಲಿಯೋ ಬಂದ ಎಪಿಕೆ ಕಡತವನ್ನು, ಅದು ಯಾರ ಹೆಸರಿನಲ್ಲಿ ಬಂದಿರಲಿ, ಮುಟ್ಟಬಾರದು.

2. ಭದ್ರತೆಯ ದುರಸ್ತಿಯನ್ನು ತಡಮಾಡದೆ ಹಾಕಿಕೊಳ್ಳಬೇಕು. ದೊಡ್ಡ ಅಪ್‌ಗ್ರೇಡನ್ನು ಕೆಲವು ವಾರ ತಡೆದು, ಅದೇ ಜಾತಿಯ ಫೋನು ಇರುವವರ ಅನುಭವ ಕೇಳಿ ಮಾಡಿದರೂ ನಷ್ಟವಿಲ್ಲ.

3. ಮಾರಾಟದ ದಿನ, ಪ್ರಯಾಣದ ದಿನ, ಆಸ್ಪತ್ರೆಗೆ ಹೋಗುವ ದಿನ ಇದಕ್ಕೆ ಕೈಹಾಕಬಾರದು. ಬಿಡುವಿನ ಸಂಜೆಯೇ ಪ್ರಶಸ್ತ.

4. ಚಿತ್ರ, ನಂಬರುಗಳ ಪ್ರತಿ ಬೇರೆಡೆ ಇರಬೇಕು. ವಾಟ್ಸಾಪಿನ ಬ್ಯಾಕಪ್ ಪ್ರತ್ಯೇಕವಾಗಿ ಮಾಡತಕ್ಕದ್ದು. ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ, ಜಾಗ ಖಾಲಿ ಇರಲಿ, ಸಾಧ್ಯವಿದ್ದರೆ ವೈಫೈ ಇರಲಿ. ನಡುವೆ ಆಫ್ ಮಾಡಕೂಡದು.

5. ದಿನವೂ ಬೇಕಾಗುವ ಐದಾರು ಗುಂಡಿಗಳು ಎಲ್ಲಿವೆಯೆಂದು ಮೊದಲೇ ಕಾಗದದಲ್ಲಿ ಬರೆದಿಡಿ. ಮುಗಿದ ಮೇಲೆ ಅವು ಈಗೆಲ್ಲಿವೆಯೆಂದು ಎದುರಿಗೆ ಬರೆಯಿರಿ.

ಕೊನೆಯ ಮಾತು ಮನೆಯ ಕಲಿತ ಮಕ್ಕಳಿಗೆ. ಅಜ್ಜನ ಕೈಯಿಂದ ಫೋನು ಕಸಿದು ನಾಲ್ಕು ಕಡೆ ಒತ್ತಿ ಹಿಂದಿರುಗಿಸುವುದು ಸಹಾಯವಲ್ಲ. ಫೋನು ಅವರ ಕೈಯಲ್ಲೇ ಇರಲಿ. ಓದಿ ಹೇಳುವುದು ನಿಮ್ಮ ಕೆಲಸ, ಒತ್ತುವುದು ಅವರ ಕೆಲಸ.

ನಮ್ಮ ನೆರೆಮನೆಯ ಹಿರಿಯರೊಡನೆ ನಾವು ಒಂದು ಆದಿತ್ಯವಾರ ಹೀಗೆಯೇ ಕುಳಿತೆವು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಆದರೆ ಈಗ ಸೂಚನೆಯೊಂದು ಬಂದರೆ ಅವರು ಮೊದಲು ಕೇಳುವುದು, “ಇದು ಯಾವ ಬಗೆಯದ್ದು?” ಎಂದು. ಆ ಪ್ರಶ್ನೆ ಬಂದ ಮೇಲೆ ಕಳ್ಳನಿಗೆ ಕೆಲಸ ಸುಲಭವಿಲ್ಲ.